ಬೆಟ್ಟದ ಗಾಳಿಯ ಕೋಣೆ

ಗಾಜಿನಾಚೆ ಹುಡುಗಿ ಮತ್ತೆ ಹಾಡುತ್ತಿದ್ದಳು.

ಟ್ರೆಡ್‌ಮಿಲ್ ಮೇಲೆ ಮುಕ್ಕಾಲು ಗಂಟೆಯಿಂದ ಒಂದೇ ಸಮನೆ ಓಡುತ್ತಿದ್ದಾಳೆ. ಆ ಮುಚ್ಚಿದ ಕೋಣೆಗೆ ಯಂತ್ರ ತುಂಬುವುದು ಎತ್ತರದ ಬೆಟ್ಟದಲ್ಲಿರುವಂಥ, ಆಮ್ಲಜನಕ ಕಡಿಮೆಯಾದ ಗಾಳಿ. ಅಲ್ಲಿ ಓಡಿದರೆ ಮಾತಾಡಲೂ ಉಸಿರು ಸಾಲಬಾರದು. ಇವಳು ಹಾಡುತ್ತಾಳೆ!

ಏನೋ ಕಳ್ಳಾಟವಿದೆ ಎಂದುಕೊಂಡಳು ರಕ್ತದಕ್ಕ. ಮೂವತ್ತು ವರ್ಷ ಓಟಗಾರರ ರಕ್ತ ತೆಗೆದು ತೆಗೆದು ಬಂದ ಹೆಸರದು. ಕಾವಲು ಕೋಣೆಯಲ್ಲಿ, ಮಂಡಿನೋವಿಗೆಂದು ವೈದ್ಯರು ಹೇಳಿದ ನಿಂತಲ್ಲೇ ತುಳಿಯುವ ಸೈಕಲ್ಲು ತುಳಿಯುತ್ತ, ಹುಡುಗಿಯ ಮೇಲೆ ಹದ್ದಿನ ಕಣ್ಣಿಟ್ಟಳು. ಬೆನ್ನಿಗೆ ಬೀಸುವ ತಂಪು ಗಾಳಿ ಹಿತವಾಗಿತ್ತು.

ಗೋಡೆಗಳಿಗೆ ಹೊಸ ಬಣ್ಣ ಬಳಿದು, ಬಿಚ್ಚಿದ್ದನ್ನೆಲ್ಲ ಮತ್ತೆ ಜೋಡಿಸಿದ ಮರುದಿನವೇ ತರಬೇತಿ ಶುರುವಾಗಿತ್ತು. ಈಗ ಆರು ವಾರ. ಮೊದಮೊದಲು ಅಕ್ಕ ಸೈಕಲ್ಲಿನ ಮೇಲೆ ತಿದಿಯಂತೆ ಏದುಸಿರು ಬಿಡುತ್ತಿದ್ದಳು. ಮೇಜಿನ ಮೇಲಿನ ಸ್ಪಿರಿಟ್ ದೀಪ ಹಚ್ಚಲು ಕಡ್ಡಿ ಗೀರಿದರೆ ಪುಸಕ್ಕನೆ ಆರುತ್ತಿತ್ತು. ಬೆಂಕಿಪೊಟ್ಟಣ ನೆನೆದಿದೆಯೆಂದು ಅಂಗಡಿಯವನ ಜನ್ಮ ಜಾಲಾಡಿ ಬಂದಿದ್ದಳು. ಈಗ ಮನೆಯ ನಾಲ್ಕು ಮಹಡಿಯನ್ನು ಕಂಬಿ ಹಿಡಿಯದೆ ಹತ್ತುತ್ತಾಳೆ.

"ಅತ್ತೆ, ಸ್ವಲ್ಪ ನಿಧಾನ! ನನ್ನ ಕೈಲಾಗ್ತಿಲ್ಲ," ಎಂದು ಸೊಸೆ ಹಿಂದಿನಿಂದ ಕೂಗುತ್ತಾಳೆ. ಸಕ್ಕರೆ ಬಿಟ್ಟದ್ದರ ಫಲ ಎಂದು ಅಕ್ಕನ ಜಂಭ.

ಅಂದು ಮಧ್ಯಾಹ್ನ ರಕ್ತದ ವರದಿ ಬಂತು. ಜೀನುಗಳು ಎಲ್ಲರ ಮೈಯಲ್ಲೂ ಇವೆ. ಕೆಲವು ಸೋಮಾರಿ ಅಳಿಯನ ಹಾಗೆ ಮಲಗಿರುತ್ತವೆ. ಉಸಿರಿಗೆ ಬರ ಬಿದ್ದಾಗ ಮೈ ದುಡಿಸಿದರೆ ಎದ್ದು ಕೂತು, ಹೊಸ ರಕ್ತನಾಳ ಕಟ್ಟಿ, ಕೆಂಪುಕಣ ಹೆಚ್ಚಿಸಿ ಎಂದು ಅಪ್ಪಣೆ ಕೊಡಲು ಶುರುಮಾಡುತ್ತವೆ. ಹುಡುಗಿಯವು ಇನ್ನೂ ಗೊರಕೆ ಹೊಡೆಯುತ್ತಿದ್ದವು.

"ಕದ ತೆಗೆದು ಹೊರಗಿನ ಗಾಳಿ ಕುಡಿದಿದ್ದೀಯ," ಪಕ್ಕದ ಕಚೇರಿಯಲ್ಲಿ ತರಬೇತಿ ಮೇಷ್ಟ್ರು ಗುಡುಗಿದರು. ಓಟದ ತಂಡದ ಪಟ್ಟಿ ಅವರ ಮುಂದಿತ್ತು. "ಮೋಸಗಾರರಿಗೆ ಇಲ್ಲಿ ಜಾಗ ಇಲ್ಲ."

"ಅಯ್ಯೋ, ಇಲ್ಲ ಮೇಷ್ಟ್ರೇ! ಈ ಅಕ್ಕ ಕಣ್ಣು ಮಿಟುಕಿಸಿದ್ರೆ ತಾನೇ ನಾನು ಕದ ತೆಗೆಯೋದು? ಅಕ್ಕಾ, ನೀವೇ ಹೇಳಿ."

ಕದ ತೆರೆದದ್ದನ್ನು ಅಕ್ಕ ಒಮ್ಮೆಯೂ ಕಂಡಿರಲಿಲ್ಲ. ಹುಡುಗಿಯ ಕಣ್ಣಂಚಿನಲ್ಲಿ ನೀರು ನೋಡಿ ಅವಳು ಮೇಷ್ಟ್ರ ಕಡೆ ತಿರುಗಿದಳು. "ಯಂತ್ರ ಕೆಟ್ಟಿರಬೇಕು," ಎಂದಳು.

ಮಿಸ್ತ್ರಿ ಬಂದು ಯಂತ್ರದ ಮುಳ್ಳು ನೋಡಿದ. "ಗುಂಡುಕಲ್ಲಿನ ಹಾಗಿದೆ. ಬೆಟ್ಟದ ಗಾಳಿ ಬುಸುಬುಸು ಅಂತ ಹೋಗ್ತಾನೇ ಇದೆ," ಎಂದು, ಪೈಪಿನ ಜಾಡು ಹಿಡಿದು ಹೊರಟ.

ಮೇಷ್ಟ್ರು ಪೆನ್ನಿನ ಮುಚ್ಚಳ ತೆಗೆದರು.

"ತಾಳಿ, ಇನ್ನೊಂದು ಸೀಸೆಯ ವರದಿ ನೋಡೋದು ಬಾಕಿ," ಎಂದಳು ಅಕ್ಕ. ಅದು ಹೋಲಿಸಿ ನೋಡಲೆಂದು, ಸಾದಾ ಗಾಳಿಯಲ್ಲಿರುವವರಿಂದ ತೆಗೆದ ರಕ್ತ. ವರದಿ ಓದಿದಳು. ಕನ್ನಡಕ ಒರೆಸಿಕೊಂಡು ಮತ್ತೆ ಓದಿದಳು. ಮಲಗಿರಬೇಕಾದ ಜೀನುಗಳೆಲ್ಲ ಎದ್ದು ಕುಣಿಯುತ್ತಿದ್ದವು.

"ಯಾರಪ್ಪಾ ಈ ಹುಲಿ?" ಮೇಷ್ಟ್ರು ಬಗ್ಗಿ ನೋಡಿದರು. "ನಾಳೆಯೇ ತಂಡಕ್ಕೆ ಸೇರಿಸ್ಕೊಳ್ಳೋಣ!"

"ಅದು... ನನ್ನದು," ಎಂದಳು ಅಕ್ಕ.

ಅಷ್ಟರಲ್ಲಿ ಕಾವಲು ಕೋಣೆಯಿಂದ ಮಿಸ್ತ್ರಿ ಕೂಗಿದ: "ಆ ಹುಡುಗಿ ಹೆಸರು ಹೊಡೆದುಹಾಕಬೇಡಿ ಮೇಷ್ಟ್ರೇ, ಪೈಪಿನ ಬಾಯಿ ಇಲ್ಲಿದೆ, ಅಕ್ಕನ ಸೈಕಲ್ಲಿನ ಹಿಂದೆ!"