ದಿನಕ್ಕೊಂದು ಮಾತು

ತಲೆಯೊಳಗೆ ಕೂರಿಸಿದ ನೆನಪಿನ ಹಳೇ ಡಿಸ್ಕುಗಳು ಒಂದೇ ಸಲಕ್ಕೆ ಎಷ್ಟು ಕೊಟ್ಟರೂ 'ಬರಲಿ' ಎನ್ನುತ್ತವೆ. ಮಿತಿ ಮೀರಿತೋ, ಅಷ್ಟನ್ನೂ ಚೆಲ್ಲಿಬಿಡುತ್ತವೆ. ಬಂದವರಿಗೆಲ್ಲ ಇದನ್ನೇ ಹೇಳಿ ಹೇಳಿ ರಿಪೇರಿ ಅಂಗಡಿಯ ಜುಬೇದಾಳ ಬಾಯಿ ಒಣಗಿತ್ತು.

ಈಗ ಎದುರಿಗೆ ಅಂಥದೇ ಡಿಸ್ಕಿನ ಮುನಿಸ್ವಾಮಪ್ಪ ಮಗಳೊಂದಿಗೆ ಕೂತಿದ್ದರು. ಹೆಂಡತಿ ತೀರಿಕೊಂಡ ಸುದ್ದಿಯನ್ನು ಮಗಳು ವನಜಾಕ್ಷಿ ಹೇಳಿದಾಗಲೆಲ್ಲ ಅತ್ತು, ಮರುಗಳಿಗೆಗೆ "ನಿಮ್ಮಮ್ಮ ಎಲ್ಲಿ?" ಎನ್ನುತ್ತಿದ್ದರು.

ಜುಬೇದಾ ಆಕಳಿಸುತ್ತಲೇ ಡಿಸ್ಕನ್ನು ನಡೆಸುವ ಡ್ರೈವರ್ ತಂತ್ರಾಂಶದಲ್ಲಿ, ಒಂದು ಸಲಕ್ಕೆ ಒಳಗೆ ಬಿಡುವ ಮಿತಿಯನ್ನು ತೀರಾ ಕೆಳಗಿಳಿಸಿದಳು. "ಇನ್ಮೇಲೆ ದೊಡ್ಡ ಸುದ್ದೀನ ದಿನಕ್ಕೊಂದೊಂದೇ ಮಾತು ಹೇಳಿ ಅಕ್ಕಾ. ನಿಧಾನ ಆಗುತ್ತೆ, ಆದ್ರೆ ಒಳಗೆ ಹೋಗಿದ್ದು ಉಳಿಯುತ್ತೆ."

ವನಜಾಕ್ಷಿ ಅಪ್ಪನ ಕೈ ಹಿಡಿದಳು. "ಅಪ್ಪಾ, ಅಮ್ಮಂಗೆ ತುಂಬಾ ಹುಷಾರಿರ್ಲಿಲ್ಲ."

ಮುನಿಸ್ವಾಮಪ್ಪ ಇನ್ನೊಂದು ಕೈಯನ್ನು ಮಗಳ ಬಾಯಿಗೆ ಅಡ್ಡ ಹಿಡಿದರು.

"ಉಳಿದಿದ್ದು ನಾಳೆ ಹೇಳು ಕಣಮ್ಮ," ಎಂದರು. "ಇವತ್ತೊಂದಿನ ಅವಳು ಇರ್ಲಿ."