ಸುಣ್ಣ, ಕೆಮ್ಮಣ್ಣು

"ಮೂರನೇ ಕ್ಲಾಸಿಗೇ ಮೇಷ್ಟ್ರ ಕೋಲು ಮುರಿದು ಸ್ಕೂಲು ಬಿಟ್ಟು ಓಡಿಬಂದೋನು ನೀನು. ನಿನ್ನಂಥೋನನ್ನ ನಂಬಿದ್ದೇ ನಮ್ಮ ತಪ್ಪು. ಪೊಲೀಸ್ರಿಗೆ ಸುದ್ದಿ ಮುಟ್ಟಿಸಾಕೆ ಏನ್ ತಿನ್ನಿಸಿದ್ರಲೇ ನಿನಗೆ, ಹೋಳಿಗೆನಾ?"

ನ್ಯಾಮತಿಯಲ್ಲಿದ್ದ ತಮ್ಮ ಮೆಣಸಿನಕಾಯಿ ಮಂಡಿಯಲ್ಲಿ, ಏಳೆಂಟು ಜನರ ಎದುರಿಗೆ, ಷಣ್ಮುಖಪ್ಪ ಸಾವ್ಕಾರ್ರು ದುರುಗಪ್ಪನಿಗೆ ಹೀಗೆ ಅಂದುಬಿಟ್ಟರು. ಅಂದವರು ಘಾಟಿಗೆ ಎರಡು ಸಲ ಸೀನಿದರು. ದುರುಗಪ್ಪನದು ಕೈ ಮೊದಲು, ಮಾತು ಆಮೇಲೆ ಅನ್ನುವ ಜಾಯಮಾನ. ಇನ್ನೇನು ಸಾವ್ಕಾರ್ರ ರುಮಾಲು ಹಾರಿತು ಎಂದೇ ಎಲ್ಲರೂ ಉಸಿರು ಹಿಡಿದರು. ಅವನು ಮಾತ್ರ ಮೂಟೆಗೆ ಒರಗಿದವನು ಒರಗಿಯೇ ಇದ್ದ.

ಸಾವ್ಕಾರ್ರ ಸಿಟ್ಟಿಗೂ ಕಾರಣವಿತ್ತು. ನಲವತ್ತೆರಡರ ಆ ಮಳೆಗಾಲದಲ್ಲಿ ಚಳವಳಿಯ ಹಿರಿಯರಾದ ಶಿವಮೂರ್ತಪ್ಪ ಯಜಮಾನರ ಮೇಲೆ ವಾರಂಟು ಇತ್ತು. ಅವರು ಎಲ್ಲಿ ಅಡಗಿದ್ದಾರೆಂಬುದು ಮೂವರಿಗೆ ಮಾತ್ರ ಗೊತ್ತಿರುತ್ತಿತ್ತು: ಕರೆದೊಯ್ಯುವ ದುರುಗಪ್ಪನಿಗೆ, ಬುತ್ತಿ ಕಳಿಸುವ ಸಾವ್ಕಾರ್ರಿಗೆ, ಯಜಮಾನರ ಕರಪತ್ರ ತರುವ ದರ್ಜಿ ಹಾಲಸ್ವಾಮಿಗೆ. ಆದರೂ ಹೊನ್ನಾಳಿಯಲ್ಲೊಮ್ಮೆ, ಜಗಳೂರಿನಲ್ಲೊಮ್ಮೆ ಪೊಲೀಸರು ನೆಟ್ಟಗೆ ಅದೇ ಬಾಗಿಲು ಬಡಿದಿದ್ದರು. ಜಗಳೂರಿನಲ್ಲಿ ಹಿತ್ತಲ ಗೋಡೆ ಹಾರಿದ ಮುದುಕರು ಕಾಲು ಮುರಿದುಕೊಂಡಿದ್ದರು. ಮೂರನೇ ಸಲ ಹಾರಲು ಅವರಿಗೆ ಕಾಲೇ ಇರಲಿಲ್ಲ.

"ಸಾವ್ಕಾರ್ರೇ, ಬಾಯಿ ಬಿಗಿ ಹಿಡೀರಿ. ನಮ್ಮ ದುರುಗನ್ನ ಅನ್ನಬ್ಯಾಡ್ರಿ!" ಹಾಲಸ್ವಾಮಿ ಎದ್ದು ನಿಂತ. ಮರೆತ ಅಕ್ಷರಗಳನ್ನು ಬಟ್ಟೆಯ ಮೇಲೆ ಸೀಮೆಸುಣ್ಣದಲ್ಲಿ ದುರುಗಪ್ಪನಿಗೆ ತಿದ್ದಿಸಿದವನು ಅವನೇ, ಮೈಮೇಲಿನ ಅಂಗಿ ಹೊಲಿದುಕೊಟ್ಟವನೂ ಅವನೇ. ಹೋದ ವಾರ ತನ್ನ ತಮ್ಮನನ್ನು ಜೈಲಿನಿಂದ ಬಿಟ್ಟರೆಂದು ಮೊದಲ ಬೆಲ್ಲದ ಚೂರು ಇಟ್ಟದ್ದೂ ದುರುಗಪ್ಪನ ಬಾಯಿಗೇ.

"ಅನ್ನಲಿ ಬಿಡು," ಎಂದ ದುರುಗಪ್ಪ. "ಸಾವ್ಕಾರ್ರೇ, ನಮ್ಮಪ್ಪ ಸೂಳೆಕೆರೆ ಬಯಲಿಗೆ ನೀರು ಬಿಡೋ ನೀರುಗಂಟಿ. ಕಟ್ಟೆ ಏರಿ ಜಿನುಗಿದ್ರೆ ಏನ್ ಮಾಡ್ತಾನೆ ಗೊತ್ತೇನ್ರಿ?"

"ಈಗ ಅದ್ಯಾಕಲೇ?"

"ಏರಿ ಪೂರ್ತಿ ಅಗೆಯಾಕೆ ಆಗ್ತೈತಾ? ನೀರಿನ ಕಡೆ ಇಳಿದು ಒಂದ್ ತಾವ ಸುಣ್ಣ ಕಲಸಿ ಬಿಡ್ತಾನೆ, ಇನ್ನೊಂದ್ ತಾವ ಕೆಮ್ಮಣ್ಣು. ಈಚೆ ಬಂದು ಬೀಡಿ ಹಚ್ಚಿ ಕೂತ್ಕಂತಾನೆ. ಬೆಳ್ಳಗೆ ಬಂದ್ರೆ ಅಲ್ಲಿ ತೂತು, ಕೆಂಪಗೆ ಬಂದ್ರೆ ಇಲ್ಲಿ. ಯಾರ ಮ್ಯಾಲೂ ಕೂಗಾಡಂಗಿಲ್ಲ." ಅವನು ನೆಟ್ಟಗೆ ಕೂತ. "ನಿನ್ನೆ ನಿಮಗೆ ಏನ್ ಹೇಳಿದ್ದೆ ನಾನು? ಯಜಮಾನ್ರು ಎಲ್ಲಿ ಅದಾರೆ ಅಂತ?"

ಸಾವ್ಕಾರ್ರು ಸುತ್ತ ನೋಡಿ ದನಿ ತಗ್ಗಿಸಿದರು. "ಇಲ್ಲೇ, ಗಾಣದ ಮನೆ ಅಟ್ಟದ ಮ್ಯಾಗೆ."

"ಹಾಲಸ್ವಾಮಿ, ನಿನಗೆ?"

"ಸವಳಂಗದಾಗೆ... ದೊಡ್ಡ ಬಣವೆ ಹಿಂದಿನ ಪಾಳು ಗುಡಿಸಲು."

"ಎರಡೂ ಕಡೆ ಅವರಿಲ್ಲ," ಎಂದ ದುರುಗಪ್ಪ. "ನಾನು ಬೀಡಿ ಹಚ್ಚಿ ಕೂತೀನಿ."

ಕೂತಿದ್ದನೇನೋ ನಿಜ. ಆದರೆ ಕೆಂಪೇ ಬರಲಿ, ಗಾಣದ ಮನೆಗೇ ಪೊಲೀಸರು ನುಗ್ಗಲಿ ಎಂದು ಬೆಳಗಿನಿಂದ ಕಂಡ ದೇವರಿಗೆಲ್ಲ ಹರಕೆ ಹೊತ್ತಿದ್ದ. ಬಂದರೆ ಸಾವ್ಕಾರ್ರ ರುಮಾಲಿನಲ್ಲೇ ಅವರ ಕೈ ಕಟ್ಟುವುದೆಂದೂ ಲೆಕ್ಕ ಹಾಕಿಟ್ಟಿದ್ದ.

ಹೊರಗೆ ಇದ್ದಿಲಿನಿಂದ ಓಡುವ ಸವಳಂಗದ ಬಸ್ಸು ಕೆಮ್ಮುತ್ತಾ ಬಂದು ನಿಂತಿತು. ಮಂಡಿಗೆ ದಿನಾ ಮಜ್ಜಿಗೆ ತರುವ ಅಜ್ಜಮ್ಮ ಗಡಿಗೆ ಇಳಿಸುವ ಮೊದಲೇ ಸುದ್ದಿ ಇಳಿಸಿದಳು. "ಏನ್ ಹೇಳ್ಲಿ ಯಪ್ಪಾ! ಕೋಳಿ ಕೂಗೋ ಹೊತ್ತಿಗೆ ಸವಳಂಗದಾಗೆ ಲಾರಿ ತುಂಬಾ ಪೊಲೀಸ್ರು. ಬಣವೆ ಹಿಂದಿನ ಆ ಪಾಳು ಗುಡಿಸಲ ಸುತ್ತ ನಿಂತು, ಹೊರಗೆ ಬಾ, ಹೊರಗೆ ಬಾ ಅಂತ ಕೂಗಿದ್ದೇ ಕೂಗಿದ್ದು. ಕೊನೆಗೆ ಬಂದಿದ್ದು ಯಾರು ಅಂತೀರಿ? ಒಂದು ಈದ ಬೆಕ್ಕು, ಬಾಯಾಗೆ ಮರಿ ಕಚ್ಕಂಡು!"

ತನ್ನ ಮಾತಿಗೆ ತಾನೊಬ್ಬಳೇ ನಕ್ಕಳು. ಉಳಿದವರೆಲ್ಲ ಹಾಲಸ್ವಾಮಿಯ ಕಡೆ ತಿರುಗಿದ್ದರು.

ಸಾವ್ಕಾರ್ರು ರುಮಾಲು ತೆಗೆದು ತೊಡೆಯ ಮೇಲಿಟ್ಟುಕೊಂಡರು. "ಹೊಟ್ಟಿಗೆ ಹಾಕ್ಕಳಪ್ಪಾ ದುರುಗಪ್ಪ," ಎಂದರು. ಅವರ ಬಾಯಲ್ಲಿ ಆ ಹೆಸರು ಪೂರ್ತಿಯಾಗಿ ಬಂದದ್ದು ಅದೇ ಮೊದಲು. ಅದು ಅವನ ಕಿವಿಗೆ ಬೀಳಲೇ ಇಲ್ಲ. ಅವನು ಎದ್ದು ಹಾಲಸ್ವಾಮಿಯ ಮುಂದೆ ಹೋಗಿ ನಿಂತಿದ್ದ, ಮುಷ್ಟಿ ಕಟ್ಟಿ.

"ಹೊಡಿ," ಎಂದ ಹಾಲಸ್ವಾಮಿ. ಕಣ್ಣಲ್ಲಿ ನೀರಿತ್ತು, ಮೆಣಸಿನಕಾಯಿ ಘಾಟೋ, ಮತ್ತೇನೋ. "ನನ್ನ ತಮ್ಮ ಕಣೋ. ಒಳಗೆ ರಕ್ತ ಕಾರ್ತಿದ್ದ. ಸುದ್ದಿ ಕೊಟ್ರೆ ಬಿಡ್ತೀವಿ ಅಂದ್ರು. ಬಿಟ್ರು. ಸುದ್ದಿ ನಿಂತ್ರೆ ಮತ್ತೆ ಎಳಕಂಡು ಹೋಗ್ತೀವಿ ಅಂದ್ರು. ನಿನಗೂ ಒಬ್ಬ ತಮ್ಮ ಅದಾನಲ್ಲ ದುರುಗ. ನೀನಾಗಿದ್ರೆ ಏನ್ ಮಾಡ್ತಿದ್ದೆ? ಹೇಳು."

ಮುಷ್ಟಿ ಮೇಲೆದ್ದಿತು. ನಡುದಾರಿಯಲ್ಲಿ ಬಿಚ್ಚಿಕೊಂಡು, ಹಾಲಸ್ವಾಮಿಯೇ ಹೊಲಿದ ತನ್ನ ಅಂಗಿಯ ಮೊದಲ ಗುಂಡಿಯನ್ನು ಹಿಡಿಯಿತು. ಕಿತ್ತು ಮುಖಕ್ಕೆ ಎಸೆಯುತ್ತಾನೆಂದೇ ಎಲ್ಲರೂ ಅಂದುಕೊಂಡರು.

"ಹೇಳೋ ದುರುಗ. ಏನ್ ಮಾಡ್ತಿದ್ದೆ?"

ದುರುಗಪ್ಪ ಗುಂಡಿಯನ್ನು ಕಾಜದೊಳಗೆ ಸರಿಯಾಗಿ ಸೇರಿಸಿಕೊಂಡ. ತಿರುಗಿದ. ಮೆಣಸಿನಕಾಯಿ ಮೂಟೆಗಳ ನಡುವೆ ಹಾದು, ಹೊಸ್ತಿಲು ದಾಟಿ ನಡೆದುಬಿಟ್ಟ.