ತಮ್ಮನ ಹೊಕ್ಕುಳಬಳ್ಳಿ

"ಗಂಡು ಕೂಸು ಕಣಪ್ಪ! ಹಿಂದೇನೇ ಬಿದ್ದ ಮಾಸಿಗೆ ಅರಿಶಿಣ ಹಚ್ಚಿ ಆಳಕ್ಕೆ ಹೂತೀನಿ, ನಾಯಿ ಮುಟ್ಟಂಗಿಲ್ಲ," ಎಂದು ಗಾದ್ರಮ್ಮ ಕೈಯ ಮಣ್ಣು ಕೊಡವಿಕೊಂಡಳು.

ಹೆಂಡತಿಯನ್ನು ಆಸ್ಪತ್ರೆಗೆ ಒಯ್ಯಲು ಮಗ ಕೆಂಚೇಶ ಜಗಳೂರಿನಿಂದ ಕಾರು ತರುವಷ್ಟರಲ್ಲಿ ಮನೆಯಲ್ಲೇ ಹೆರಿಗೆಯಾಗಿತ್ತು. ಅವನ ಕೈಯಲ್ಲಿ ಡಾಕ್ಟರು ಕೊಟ್ಟ ಡಬ್ಬಿ ಹಾಗೇ ಇತ್ತು. ಕೂಸು ಹುಟ್ಟಿದ ಕೂಡಲೇ ಹೊಕ್ಕುಳಬಳ್ಳಿಯ ರಕ್ತ ಅದರಲ್ಲಿ ಹಿಡಿದಿಟ್ಟರೆ, ತಿಂಗಳು ತಿಂಗಳೂ ಬೇರೆಯವರ ರಕ್ತ ಹಾಕಿಸಿಕೊಂಡು ಬದುಕಿರುವ ದೊಡ್ಡ ಮಗಳು ದುರ್ಗಾಂಬಿಕಾ ಉಳಿಯಬಹುದು ಅಂದಿದ್ದರು. ಅವ್ವ ರಾದ್ಧಾಂತ ಮಾಡುತ್ತಾಳೆಂದು ಅವಳಿಗೆ ಹೇಳಿರಲಿಲ್ಲ; ಮಗಳಿಗೂ ತಿಳಿದಿರಲಿಲ್ಲ.

"ಬಳ್ಳೀನೂ ಅದರ ಜೊತೆಗೇ ಹಾಕಿದೇನವ್ವ?"

"ಮತ್ತೆ? ಹೊರಗೆ ಬಿಡಾಕೆ ಬರ್ತೈತಾ?"

ಕೆಂಚೇಶ ಗುದ್ದಲಿ ಎತ್ತಿಕೊಂಡ. ಎತ್ತಿ ಏನು ಮಾಡಬೇಕೆಂದು ತಿಳಿಯದೆ ನಿಂತ. ಅಷ್ಟರಲ್ಲಿ ದುರ್ಗಾಂಬಿಕಾ ಬಿಳುಚಿದ ಕೈಗಳಲ್ಲಿ ಕಲ್ಲೊಂದನ್ನು ಅಪ್ಪಿಕೊಂಡು ಏದುಸಿರು ಬಿಡುತ್ತ ಬಂದಳು.

"ಅಜ್ಜಿ, ಇದನ್ನೂ ಮೇಲಿಡಾಣ. ತಮ್ಮಂದು ಯಾರೂ ತೆಗೀಬಾರ್ದು," ಎಂದು ಹಸಿ ಮಣ್ಣಿನ ಮೇಲೆ ಅದನ್ನು ಒತ್ತಿ ಕೂರಿಸಿದಳು.